ಏಳನೇ ಮೊಳೆಯ ಬಳೆಗಳು

ಆ ಹಲಗೆಯನ್ನು ಮಾಡಿದ್ದು ನಾನೇ. ಎರಡಡಿ ಅಗಲದ ಪ್ಲೈವುಡ್ ತುಂಡು, ಅದಕ್ಕೆ ಬಿಳಿ ಬಣ್ಣ, ಬಣ್ಣ ಒಣಗಿದ ಮೇಲೆ ಮೂರು ಸಾಲಿನಲ್ಲಿ ಹದಿನೇಳು ಮೊಳೆ. ಪ್ರತಿ ಮೊಳೆಯ ಕೆಳಗೆ ಸ್ಕೆಚ್ ಪೆನ್ನಿನಲ್ಲಿ ಒಂದೊಂದು ನಂಬರು. ಸ್ಕೇಲ್ ಇಟ್ಟು ಗೆರೆ ಎಳೆದು, ಒಂದೊಂದಾಗಿ ನಾನೇ ಹೊಡೆದೆ. ಹೊಡೆದು ಮುಗಿಸಿ ಒಂದು ಫೋಟೋ ಕೂಡ ತೆಗೆದುಕೊಂಡೆ. ಆ ಫೋಟೋ ಇನ್ನೂ ಫೋನಿನಲ್ಲಿದೆ. ಅಳಿಸಬೇಕೆಂದು ತುಂಬ ಸಲ ಅಂದುಕೊಂಡಿದ್ದೇನೆ, ಅಳಿಸಿಲ್ಲ.

ನಾನು ಮುಳಬಾಗಿಲಿನವನು. ಓದಿದ್ದು ಪಿಯುಸಿ, ಆಮೇಲೆ ಒಂದು ವರ್ಷ ಡಿಪ್ಲೊಮಾ, ಅದೂ ಅರ್ಧಕ್ಕೆ ನಿಂತಿತು. ಮಿಕ್ಕಿದ್ದೆಲ್ಲ ಫೋನಿನಲ್ಲಿ ಕಲಿತದ್ದು. ಇಂಗ್ಲಿಷು, ಕಂಪ್ಯೂಟರು, ಜನರನ್ನು ನಡೆಸಿಕೊಂಡು ಹೋಗುವ ವಿದ್ಯೆ, ಎಲ್ಲ. ಶ್ರೀನಿವಾಸಪುರದ ಆಚೆ ಮಾವಿನ ಹಣ್ಣಿನ ತಿರುಳು ತೆಗೆದು ಡ್ರಮ್ಮಿಗೆ ತುಂಬುವ ಒಂದು ಫ್ಯಾಕ್ಟರಿ ಇದೆ. ಅಲ್ಲಿ ನಾನು ಮೊದಲು ಕ್ರೇಟು ಎಣಿಸುತ್ತಿದ್ದೆ. ಹೊರದೇಶದಿಂದ ಬಂದ ಮೇಲ್ ಓದಿ ಹೇಳುವವರು ಯಾರೂ ಇಲ್ಲದ್ದರಿಂದ ಮ್ಯಾನೇಜರು ನನ್ನನ್ನು ಆಫೀಸಿಗೆ ಕರೆಸುತ್ತಿದ್ದರು. ಹಾಗೆ ಹೋಗಿ ಬಂದು, ಮೂರನೇ ಸೀಸನ್ನಿಗೆ ಸೂಪರ್‌ವೈಸರ್ ಆದೆ. ನನಗೆ ಆಗ ಇಪ್ಪತ್ತನಾಲ್ಕು.

ಆ ದಿನಗಳಲ್ಲಿ ನನಗೊಂದು ಹುಚ್ಚು ಹಿಡಿದಿತ್ತು. ಬೇರೆ ಬೇರೆ ದೇಶದವರ ಜೊತೆ ಕೆಲಸ ಮಾಡುವುದು ಹೇಗೆ, ಮನಸ್ಸನ್ನು ಪ್ರಪಂಚದಷ್ಟು ಅಗಲ ಮಾಡಿಕೊಳ್ಳುವುದು ಹೇಗೆ ಎಂದು ಹೇಳಿಕೊಡುವ ವಿಡಿಯೋಗಳಿವೆಯಲ್ಲ, ಅವನ್ನು ದಿನಾ ನೋಡುತ್ತಿದ್ದೆ. ಮುಳಬಾಗಿಲಿನಿಂದ ಫ್ಯಾಕ್ಟರಿಗೆ ಹೋಗುವಾಗ ಬೈಕಿನಲ್ಲೇ ಇಯರ್‌ಫೋನ್ ಹಾಕಿಕೊಂಡು ಕೇಳುತ್ತಿದ್ದೆ. ಒಂದು ನೋಟ್‌ಬುಕ್ ಇಟ್ಟಿದ್ದೆ, ದೇಶಕ್ಕೊಂದು ಪುಟ. ಜಪಾನಿನವರಿಗೆ ಕಾರ್ಡು ಎರಡು ಕೈಯಲ್ಲಿ ಕೊಡಬೇಕು. ಅರಬರ ಮುಂದೆ ಎಡಗೈ ಚಾಚಬಾರದು. ಹಾಲೆಂಡಿನವರು ಮುಖಕ್ಕೆ ಹೊಡೆದಂತೆ ಮಾತಾಡುತ್ತಾರೆ, ಬೇಜಾರು ಮಾಡಿಕೊಳ್ಳಬಾರದು. ಮನೆಯಲ್ಲಿ ಕನ್ನಡಿ ಮುಂದೆ ನಿಂತು ಬಸ್ ಪಾಸನ್ನು ಎರಡು ಕೈಯಲ್ಲಿ ಹಿಡಿದು ಬಾಗಿ ಕೊಡುವುದನ್ನು ಅಭ್ಯಾಸ ಮಾಡುತ್ತಿದ್ದಾಗ ಅಮ್ಮ ನೋಡಿಬಿಟ್ಟಳು.

“ಏನೋ ಇದು, ಪುರೋಹಿತ್ರಿಗೆ ದಕ್ಷಿಣೆ ಕೊಡೋ ಥರ?”

“ನಿನಗೆ ಅರ್ಥ ಆಗಲ್ಲ ಬಿಡಮ್ಮ. ಇದು ಗ್ಲೋಬಲ್ಲು.”

“ಆಗ್ಲಿ, ಗ್ಲೋಬಲ್ ಮಾಡ್ಕೊಂಡು ಬಂದು ಹಾಲ್ ತಂದ್ಕೊಡು,” ಎಂದಳು.

ನನ್ನ ಕೆಳಗೆ ಹದಿನೇಳು ಹೆಂಗಸರಿದ್ದರು. ತೊಳೆದ ಹಣ್ಣು ಬೆಲ್ಟಿನ ಮೇಲೆ ಬರುತ್ತದೆ. ಎರಡೂ ಕಡೆ ನಿಂತ ಹೆಂಗಸರು ಕೊಳೆತದ್ದನ್ನು ಆರಿಸಿ, ಕೆಟ್ಟ ಭಾಗವನ್ನು ಚಾಕುವಿನಲ್ಲಿ ಕೊಯ್ದು ಎಸೆಯುತ್ತಾರೆ. ಎಂಟು ಗಂಟೆ ನಿಂತೇ ಇರುವ ಕೆಲಸ. ಎಲ್ಲರೂ ಸುತ್ತಮುತ್ತಲ ಹಳ್ಳಿಗಳವರು, ಮನೆಯಲ್ಲಿ ತೆಲುಗು, ನನ್ನ ಹತ್ತಿರ ಕನ್ನಡ. ಅವರಲ್ಲಿ ಹಾಜರಿ ಪುಸ್ತಕದ ಏಳನೇ ನಂಬರಿನ ಅಕ್ಕ ಎಲ್ಲರಿಗೂ ದೊಡ್ಡವಳಂತೆ. ವಯಸ್ಸಿನಲ್ಲಲ್ಲ, ಮೂವತ್ತೈದಿರಬಹುದು, ಮಾತಿನಲ್ಲಿ. ಅವಳು ಊಟಕ್ಕೆ ಎದ್ದರೆ ಎಲ್ಲರೂ ಏಳುತ್ತಿದ್ದರು. ನನ್ನನ್ನು ನಾಲ್ಕು ಜನರ ಮುಂದೆ ‘ಸಾರ್’ ಎನ್ನುತ್ತಿದ್ದಳು, ಯಾರೂ ಇಲ್ಲದಾಗ ‘ತಮ್ಮಾ’ ಎನ್ನುತ್ತಿದ್ದಳು.

ಆ ವರ್ಷ ಸೀಸನ್ ಶುರುವಾಗುವ ಮೊದಲು ಹಾಲೆಂಡಿನ ಖರೀದಿದಾರರಿಂದ ಒಂದು ಪಟ್ಟಿ ಬಂತು. ಅವರ ಕಡೆಯಿಂದ ಒಬ್ಬರು ಬಂದು ಫ್ಯಾಕ್ಟರಿ ಪರೀಕ್ಷೆ ಮಾಡುತ್ತಾರೆ, ಅದಕ್ಕೆ ಮೊದಲು ಇವನ್ನೆಲ್ಲ ಸರಿಮಾಡಿ ಎಂದು. ಮ್ಯಾನೇಜರು ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, “ನೀನೇ ಓದು, ನೀನೇ ಮಾಡ್ಸು,” ಎಂದರು. ಅದರಲ್ಲೊಂದು ಸಾಲಿತ್ತು. ಹಣ್ಣು ಮುಟ್ಟುವ ಜಾಗದಲ್ಲಿ ಗಾಜು, ಒಡೆಯುವ ಪ್ಲಾಸ್ಟಿಕ್ಕು, ಕಳಚಿ ಬೀಳುವಂಥ ಒಡವೆ ಇರಬಾರದು. ಇಷ್ಟೇ.

ನಾನು ಅದನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಬರೆಯುವಾಗ ನನ್ನ ಕೈ ಉದ್ದವಾಯಿತು. ‘ಬಳೆ, ಬೊಟ್ಟು, ಹೂವು, ದಾರ ಏನೂ ಇರಕೂಡದು. ಕೈ ಪೂರ್ತಿ ಖಾಲಿ ಇರಬೇಕು.’ ಬೊಟ್ಟು ನಾನೇ ಸೇರಿಸಿದ್ದು. ದಾರ ನಾನೇ ಸೇರಿಸಿದ್ದು. ಅವರು ಒಂದು ಕೇಳಿದರೆ ನಾವು ಹತ್ತು ಮಾಡಿ ತೋರಿಸಬೇಕು ಎಂಬ ಉತ್ಸಾಹ ನನಗೆ.

ಟೀ ಹೊತ್ತಿನಲ್ಲಿ ಕ್ರೇಟುಗಳ ಶೆಡ್ಡಿನಲ್ಲಿ ಎಲ್ಲರನ್ನೂ ಕೂರಿಸಿ ಹೇಳಿದೆ.

“ನೋಡಿ, ಇದು ಇಂಟರ್‌ನ್ಯಾಷನಲ್ ರೂಲು.”

“ಅಂಗಂದ್ರೆ?” ಎಂದಳು ಹಿಂದಿನ ಸಾಲಿನವಳೊಬ್ಬಳು.

“ಅಂದ್ರೆ ಪ್ರಪಂಚದಲ್ಲೆಲ್ಲ ಇದೇ.”

“ಪ್ರಪಂಚದಲ್ಲಿ ಹೆಂಗಸ್ರೆಲ್ಲ ಬೋಳು ಕೈಯಾಗೇ ಅವ್ರಾ ಸಾರ್?”

ಎಲ್ಲರೂ ನಕ್ಕರು. ಇನ್ನೊಬ್ಬಳು, “ಸಾರ್‌ಗೆ ಇನ್ನೂ ಮದ್ವೆ ಆಗಿಲ್ಲ ಬಿಡ್ರೇ, ಬಳೆ ಸಂಗ್ತಿ ಏನ್ ಗೊತ್ತು,” ಎಂದಳು.

“ಹೆಣ್ಣು ನೋಡಕ್ಕೋದಾಗ್ಲೂ ಫಸ್ಟು ಬಳೆ ತೆಗೆಯಮ್ಮಾ ಅಂತಾರೆ ನೋಡು. ಹುಡ್ಗಿ ಹಿತ್ಲಿಂದ ಓಡೋಗ್ತಾಳೆ!”

ನಾನೂ ನಕ್ಕೆ. ಏಳನೇ ನಂಬರಿನ ಅಕ್ಕ ಮಾತ್ರ ನಗಲಿಲ್ಲ. ಟೀ ಲೋಟ ಕೆಳಗಿಟ್ಟು ಕೇಳಿದಳು.

“ಸಾರ್, ಒಂದೇ ಒಂದು ಬಿಡಿ. ಕೈಗೊಂದು. ಗಾಜಿಂದು ಬ್ಯಾಡ ಅಂದ್ರೆ ಬ್ಯಾಡ, ಒಂದ್ ಅರಿಶಿನದ ದಾರ ಕಟ್ಕೊಂತೀವಿ. ಗ್ಲೌಸ್ ಒಳಗಿರ್ತದೆ. ಯಾರಿಗ್ ಕಾಣ್ತದೆ?”

“ಆಗಲ್ಲ ಅಕ್ಕ. ಅವರು ಬಲು ಸ್ಟ್ರಿಕ್ಟು. ಹೇಳಿದ್ದಂದ್ರೆ ಹೇಳಿದ್ದೇ. ಅವರ ಹತ್ರ ಚೌಕಾಸಿ ನಡೆಯಲ್ಲ.”

“ಕೇಳಿ ನೋಡಿದ್ರಾ?”

“ಕೇಳೋದೇ ತಪ್ಪು ಅಕ್ಕ. ಅವರ ಕಲ್ಚರ್ರೇ ಹಂಗೆ,” ಎಂದೆ. ಹಾಲೆಂಡಿನ ಪುಟದಲ್ಲಿ ಹಾಗೆ ಬರೆದಿದ್ದೆನಲ್ಲ.

ಆ ದಿನ ಶಿಫ್ಟ್ ಬಿಟ್ಟ ಮೇಲೆ ಅವಳು ಬೈಕ್ ನಿಲ್ಲಿಸುವ ಜಾಗದ ಹತ್ತಿರ ಕಾದಿದ್ದಳು. ಜೊತೆಗೆ ಯಾರೂ ಇರಲಿಲ್ಲ.

“ತಮ್ಮಾ, ನಮ್ಮತ್ತೆ ಬಗ್ಗೆ ನಿನಗ್ ಗೊತ್ತಿಲ್ಲ. ನಮ್ಮಾವ ಹೋದಾಗಿಂದ ಅವ್ರು ತಮ್ ಕೈ ನೋಡ್ಕೊಂಡು ನನ್ ಕೈ ನೋಡ್ತಾರೆ. ದಿನಾ ಬೆಳಿಗ್ಗೆ ಕಾಫಿ ಕೊಡುವಾಗ ನೋಡ್ತಾರೆ. ಗಂಡ ಬದುಕಿರುವಾಗ ನಾನು ಕೈ ಬೋಳು ಮಾಡ್ಕೊಂಡೆ ಅಂತ ಗೊತ್ತಾದ್ರೆ ಹೊಸ್ತಿಲು ದಾಟ್ಸಲ್ಲ. ಮನೆ ಅವ್ರದು. ಮಗ್ಳು ಅವ್ರ ಮಗ್ಗುಲಾಗೇ ಮಲಗ್ತಾಳೆ. ಹೊರಗಾಕಿದ್ರೆ ನಾನೆಲ್ಲಿಗ್ ಹೋಗ್ಲಿ ಹೇಳು?”

ಅವಳ ಗಂಡ ಮಾವಿನ ತೋಟಗಳಲ್ಲಿ ಕಾಯಿ ಕೀಳುವವನು. ಅವನದೇನೂ ತಕರಾರಿರಲಿಲ್ಲವಂತೆ. “ಬಳೆ ಇದ್ರೇನು ಬಿಟ್ರೇನು, ನೀನ್ ಬಯ್ಯೋದು ಕಮ್ಮಿ ಆಗ್ತದಾ?” ಎಂದು ನಕ್ಕಿದ್ದನಂತೆ.

ಇಷ್ಟೆಲ್ಲ ಕೇಳಿಸಿಕೊಂಡರೂ ನನ್ನ ತಲೆಯಲ್ಲಿ ಓಡುತ್ತಿದ್ದುದು ಬೇರೆ. ಗುಂಪು ಒಪ್ಪದಿದ್ದರೆ ಗುಂಪು ಯಾರ ಮಾತು ಕೇಳುತ್ತದೋ ಅವರನ್ನು ಮೊದಲು ಒಪ್ಪಿಸಬೇಕು ಎಂದು ಒಂದು ವಿಡಿಯೋದಲ್ಲಿ ಹೇಳಿದ್ದರು. ಇವಳನ್ನು ಒಪ್ಪಿಸಿದರೆ ಹದಿನಾರು ಜನ ಒಪ್ಪಿದಂತೆ.

“ಅಕ್ಕ, ನೀವು ಹೆದರ್ಬೇಡಿ. ನಾನೇ ನಿಮ್ಮನೆಗೆ ಬಂದು ನಿಮ್ಮತ್ತೆಗೆ ಬಿಡಿಸಿ ಹೇಳ್ತೀನಿ. ಇದು ಕೆಲಸದ ರೂಲು, ಒಳಗೆ ಮಾತ್ರ, ಹೊರಗೆ ಬಂದ ತಕ್ಷಣ ಹಾಕ್ಕೊಂತಾರೆ ಅಂತ.”

“ಬರ್ತೀಯಾ?”

“ಬರ್ತೀನಿ.”

“ಆಣೆ?”

“ಆಣೆ ಅಕ್ಕ.”

ಮಾರನೇ ದಿನ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಹಲಗೆ ತೂಗಿಹಾಕಿದೆ. ಅವಳೇ ಮೊದಲು ಬಂದಳು. ಕೈಗೆ ಸೋಪು ಹಚ್ಚಿಕೊಂಡು ಹಸಿರು ಬಳೆಗಳನ್ನು ಒಂದೊಂದಾಗಿ ಬಿಡಿಸಿದಳು. ಕೈಗೆ ನಾಲ್ಕರಂತೆ ಎಂಟು. ಎಂಟನ್ನೂ ಏಳನೇ ಮೊಳೆಗೆ ಹಾಕಿ, ಸೆರಗಿನಿಂದ ಮಣಿಕಟ್ಟು ಮುಚ್ಚಿಕೊಂಡು ಒಳಗೆ ಹೋದಳು. ಹಿಂದೆಯೇ ಉಳಿದವರು. ಅರ್ಧ ಗಂಟೆಯಲ್ಲಿ ಹಲಗೆ ತುಂಬಿತು. ಹಸಿರು, ಕೆಂಪು, ಒಂದಿಷ್ಟು ನೀಲಿ. ಚೆಂದ ಕಾಣುತ್ತದೆ ಎಂದುಕೊಂಡೆ, ನಿಜ ಹೇಳುತ್ತೇನೆ.

ಪರೀಕ್ಷೆಗೆ ಬಂದವರು ಐವತ್ತು ದಾಟಿದ ಹೆಂಗಸು. ಬೆಳ್ಳಗಿನ ಮೋಟು ಕೂದಲು, ಕೈಯಲ್ಲೊಂದು ಟಾರ್ಚು. ಎಲ್ಲ ಕಡೆ ಬಗ್ಗಿ ನೋಡಿದರು. ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಹಲಗೆಯ ಮುಂದೆ ನಿಂತುಬಿಟ್ಟರು. ಇದೇನೆಂದು ಕೇಳಿದರು. ನಾನು ವಿವರಿಸಿದೆ. ಇದರಿಂದ ಹೆಂಗಸರಿಗೇನೂ ಬೇಸರವಿಲ್ಲವೇ ಎಂದು ಕೇಳಿದರು.

ನನಗೆ ಆ ಪ್ರಶ್ನೆ ಚೆನ್ನಾಗಿ ನೆನಪಿದೆ. ಒಂದು ಕ್ಷಣ ಬಾಗಿಲು ತೆರೆದಿತ್ತು. ಅಕ್ಕ ಕೇಳಿದ್ದ ಆ ದಾರದ ಮಾತನ್ನು ಅಲ್ಲೇ ಹೇಳಿಬಿಡಬಹುದಿತ್ತು.

“ಇಲ್ಲ ಮೇಡಂ, ಎಲ್ಲರೂ ಸಂತೋಷದಿಂದ ಒಪ್ಪಿಕೊಂಡಿದ್ದಾರೆ,” ಎಂದೆ, ಕಲಿತ ಇಂಗ್ಲಿಷಿನಲ್ಲಿ, ನಗುತ್ತಾ.

ಅವರು ತಲೆಯಾಡಿಸಿ ಏನೋ ಬರೆದುಕೊಂಡರು. ಫ್ಯಾಕ್ಟರಿ ಪಾಸಾಯಿತು. ಮ್ಯಾನೇಜರು ನನ್ನ ಬೆನ್ನು ತಟ್ಟಿದರು. ಆ ಖುಷಿಯಲ್ಲಿ ನಾನು ಹದಿನೇಳು ಜನರನ್ನೂ ಸಾಲಾಗಿ ನಿಲ್ಲಿಸಿ, ಅಂಗೈ ಮೇಲೆತ್ತಿ ತೋರಿಸಿ ಎಂದು ಫೋಟೋ ತೆಗೆದೆ. ತಲೆಗೆ ಟೋಪಿ, ಹಣೆ ಖಾಲಿ, ಕೈ ಖಾಲಿ. ಅದನ್ನು ನನ್ನ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿ ‘ನಮ್ಮ ತಂಡ ಈಗ ವಿಶ್ವಮಟ್ಟದಲ್ಲಿ’ ಎಂದು ಬರೆದೆ.

ಸ್ಟೇಟಸ್ಸನ್ನು ಯಾರೋ ಯಾರಿಗೋ ಕಳಿಸಿದರು. ಎರಡೇ ದಿನದಲ್ಲಿ ಅದು ಅಕ್ಕನ ಊರಿಗೆ ಹೋಯಿತು. ಪಕ್ಕದ ಮನೆಯ ಹುಡುಗಿ ಫೋನು ತಂದು, “ಅಜ್ಜಿ, ನಿನ್ ಸೊಸೆ ಫೋಟೋದಲ್ಲವ್ಳೆ,” ಎಂದು ಹೆಮ್ಮೆಯಿಂದಲೇ ತೋರಿಸಿದಳಂತೆ. ಅಜ್ಜಿ ಫೋನನ್ನು ಹತ್ತಿರ ಹಿಡಿದು ತುಂಬ ಹೊತ್ತು ನೋಡಿದಳಂತೆ. ಅವತ್ತಿನಿಂದ ಸೊಸೆಯ ಕೈಯಿಂದ ಕಾಫಿ ತೆಗೆದುಕೊಳ್ಳುವುದನ್ನು ಬಿಟ್ಟಳು. ಮೊಮ್ಮಗಳೇ ತಂದುಕೊಡಬೇಕು. ಹೊರಗೆ ಹೋಗೆಂದು ಇನ್ನೂ ಅಂದಿರಲಿಲ್ಲ.

“ನೀನ್ ಬರ್ತೀನಿ ಅಂದಿದ್ಯಲ್ಲ, ಬಾ ತಮ್ಮಾ,” ಎಂದಳು ಅಕ್ಕ. “ದೊಡ್ ಆಫೀಸರ್ ಬಂದಂಗಿರ್ತದೆ. ಕೇಳ್ತಾರೆ.”

“ಈ ವಾರ ಲೋಡ್ ಜಾಸ್ತಿ ಅಕ್ಕ. ಬರೋ ವಾರ.”

ಬರುವ ವಾರವೂ ಕೇಳಿದಳು. ತೋತಾಪುರಿ ಬರಲು ಶುರುವಾಗಿತ್ತು, ಗೇಟಿನ ಹೊರಗೆ ಟ್ರಾಕ್ಟರುಗಳ ಸಾಲು. “ಸೀಸನ್ ಮುಗೀಲಿ ಅಕ್ಕ,” ಎಂದೆ. ಮೂರನೇ ಸಲ ಕೇಳುವಾಗ ‘ಸಾರ್’ ಎಂದಳು, ಸುತ್ತ ಯಾರೂ ಇರಲಿಲ್ಲ. ಅದು ನನಗೆ ತಿಳಿಯಿತು. ತಿಳಿದೂ ಹೋಗಲಿಲ್ಲ. ಅವಳ ಊರು ಫ್ಯಾಕ್ಟರಿಯಿಂದ ಬೈಕಿನಲ್ಲಿ ಇಪ್ಪತ್ತು ನಿಮಿಷ. ಯಾಕೆ ಹೋಗಲಿಲ್ಲ ಎಂದು ಈಗ ಕೇಳಿಕೊಂಡರೆ ಉತ್ತರ ಸಣ್ಣದು. ಹಾಲೆಂಡಿನವರ ಹತ್ತಿರ ಮಾತಾಡಲು ನನಗೆ ಪಾಠ ಇತ್ತು. ಒಬ್ಬ ಮುದುಕಿಯ ಮುಂದೆ ಕೂತು ಬಳೆಯ ವಿಷಯ ಎತ್ತುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ನಾಚಿಕೆ, ಅಷ್ಟೇ.

ಜುಲೈನ ಒಂದು ಮಧ್ಯಾಹ್ನ. ಬೆಳಿಗ್ಗೆ ಮಳೆ ಬಂದು ನಿಂತಿತ್ತು. ಆಫೀಸಿನ ಫೋನಿಗೆ ಕರೆ ಬಂತು. ಅಕ್ಕನ ಗಂಡ ಮರದಿಂದ ಬಿದ್ದಿದ್ದ. ಒದ್ದೆ ಕೊಂಬೆ ಮುರಿದಿತ್ತು. ಕೋಲಾರದ ಆಸ್ಪತ್ರೆಗೆ ಹೊರಟ ಆಟೋ ಅರ್ಧ ದಾರಿಯಿಂದ ವಾಪಸ್ ಬಂದಿತ್ತು. ಹೆಣ ಮನೆಯ ಮುಂದಿದೆ, ಅವಳನ್ನು ಕಳಿಸಿಕೊಡಿ ಎಂದರು.

ಒಳಗೆ ಕೆಲಸ ಮಾಡುವವರ ಫೋನುಗಳೆಲ್ಲ ಹೊರಗೆ ಡಬ್ಬಿಯಲ್ಲಿರುತ್ತವೆ, ಅದೂ ರೂಲು. ಅವಳಿಗೆ ಏನೂ ಗೊತ್ತಿರಲಿಲ್ಲ. ಮ್ಯಾನೇಜರು ನನ್ನ ಮುಖ ನೋಡಿ, “ನೀನೇ ಹೇಳು. ಹುಷಾರಾಗಿ ಹೇಳು,” ಎಂದರು.

ಬೆಲ್ಟಿನ ಹತ್ತಿರ ಹೋಗಿ ಅವಳನ್ನು ಹೊರಗೆ ಕರೆದೆ.

“ಅಕ್ಕ, ಭಾವ ಮರದಿಂದ ಬಿದ್ದಿದ್ದಾರಂತೆ. ಬನ್ನಿ, ನಾನು ಕರ್ಕೊಂಡು ಹೋಗ್ತೀನಿ.”

“ಬಿದ್ರಾ? ಎಷ್ಟೆತ್ತರದಿಂದ?”

“ಗೊತ್ತಿಲ್ಲ ಅಕ್ಕ. ಬನ್ನಿ.”

ಅವಳು ಟೋಪಿ, ಗ್ಲೌಸು ಕಿತ್ತೆಸೆದು ಬಟ್ಟೆ ಬದಲಾಯಿಸುವ ಕೋಣೆಗೆ ಓಡಿದಳು. ನಾನು ಬಾಗಿಲಲ್ಲಿ ನಿಂತೆ. ಚಪ್ಪಲಿ ಹಾಕಿಕೊಳ್ಳುತ್ತಾಳೆ, ಬ್ಯಾಗು ತೆಗೆದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ನೇರ ಹೋಗಿದ್ದು ಹಲಗೆಯ ಹತ್ತಿರ. ಏಳನೇ ಮೊಳೆಯಿಂದ ಎಂಟೂ ಬಳೆಗಳನ್ನು ಒಟ್ಟಿಗೆ ಎಳೆದುಕೊಂಡಳು. ಬೆವರಿಗೆ ಕೈ ಅಂಟಂಟಾಗಿತ್ತು, ಬಳೆ ಏರುತ್ತಿರಲಿಲ್ಲ. ಹೆಬ್ಬೆರಳನ್ನು ಅಂಗೈಗೆ ಒತ್ತಿ ಹಿಡಿದು, ಹಲ್ಲು ಕಚ್ಚಿ ನೂಕಿದಳು. ಒಂದು ಒಡೆಯಿತು. ಇನ್ನೊಂದು ಒಡೆಯಿತು. ಮುಂಗೈಯಲ್ಲಿ ರಕ್ತ ಬಂತು. “ಏನಾಗಲ್ಲ, ಏನಾಗಲ್ಲ,” ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಆರು ಬಳೆ ಹಾಕಿಕೊಂಡು, ಬ್ಯಾಗಿನಿಂದ ಬೊಟ್ಟು ತೆಗೆದು ಕನ್ನಡಿ ಇಲ್ಲದೆಯೇ ಹಣೆಗೆ ಅಂಟಿಸಿಕೊಂಡಳು. ಅದು ಸೊಟ್ಟಗಿತ್ತು.

ಅಷ್ಟು ಹೊತ್ತೂ ನನಗೆ ಗೊತ್ತಿತ್ತು. ಗೊತ್ತಿದ್ದೂ ನೋಡುತ್ತಾ ನಿಂತಿದ್ದೆ.

ಬೈಕಿನಲ್ಲಿ ಹಿಂದೆ ಕೂತಳು. ರಸ್ತೆಯ ಹಳ್ಳಗಳಲ್ಲಿ ಬೈಕು ಹಾರಿದಾಗೆಲ್ಲ ಬಳೆಗಳು ನನ್ನ ಕಿವಿಯ ಹಿಂದೆ ಸದ್ದು ಮಾಡುತ್ತಿದ್ದವು. ಒಂದು ಕಡೆ ದಾರಿ ಕವಲಾಗುತ್ತದೆ. ಬಲಕ್ಕೆ ಹೋದರೆ ಕೋಲಾರ, ಎಡಕ್ಕೆ ಅವಳ ಊರು. ನಾನು ಎಡಕ್ಕೆ ತಿರುಗಿಸಿದೆ.

“ಆಸ್ಪತ್ರೆ ಆ ಕಡೆ ಅಲ್ವಾ ತಮ್ಮಾ?” ಎಂದಳು.

ನಾನು ಗೇರ್ ಬದಲಾಯಿಸಿದೆ.

“ತಮ್ಮಾ, ಆಸ್ಪತ್ರೆ ಆ ಕಡೆ.”

ಬೈಕು ನಿಲ್ಲಿಸಲೂ ಇಲ್ಲ, ತಿರುಗಿ ನೋಡಲೂ ಇಲ್ಲ. ಸ್ವಲ್ಪ ದೂರ ಹೋದ ಮೇಲೆ ಬಳೆಯ ಸದ್ದು ನಿಂತುಹೋಯಿತು. ಕನ್ನಡಿಯಲ್ಲಿ ನೋಡಿದೆ. ಎರಡು ಕೈಗಳನ್ನೂ ಎದೆಗೆ ಒತ್ತಿ, ಸದ್ದಾಗದಂತೆ ಬಳೆಗಳನ್ನು ಹಿಡಿದುಕೊಂಡಿದ್ದಳು.

ಮನೆಯ ಮುಂದೆ ಜನ ಸೇರಿದ್ದರು. ನಮ್ಮನ್ನು ಕಂಡು ದಾರಿ ಬಿಟ್ಟರು. ಅಜ್ಜಿ ಮಗನ ತಲೆಯ ಹತ್ತಿರ ಕೂತಿದ್ದಳು. ತಲೆ ಎತ್ತಿ ಸೊಸೆಯ ಮುಖವನ್ನು ನೋಡಲಿಲ್ಲ, ಕೈ ನೋಡಿದಳು. ರಕ್ತ ಒಣಗಿದ್ದ ಮಣಿಕಟ್ಟು, ಆರು ಬಳೆ.

“ಇಪ್ಪುಡು ಏಸುಕೊನಿ ವಚ್ಚಿನಾವಾ?” ಎಂದಳು. ಈಗ ಹಾಕಿಕೊಂಡು ಬಂದೆಯಾ ಎಂದು.

ಕೂಗಿ ಹೇಳಲಿಲ್ಲ. ಮೆಲ್ಲಗೆ, ನಿಜವಾಗಿ ಕೇಳುವಂತೆ ಕೇಳಿದಳು. ಅಲ್ಲಿದ್ದ ಎಲ್ಲರಿಗೂ ಕೇಳಿಸಿತು.

ಹನ್ನೊಂದನೇ ದಿನ ಆ ಆರೂ ಬಳೆಗಳನ್ನು ಒಡೆದರು. ನಾನು ಹೋಗಿರಲಿಲ್ಲ, ಫ್ಯಾಕ್ಟರಿಯ ಹೆಂಗಸರು ಹೋಗಿ ಬಂದು ಹೇಳಿದರು. ಅದಾದ ವಾರಕ್ಕೆ ಅಕ್ಕ ಮನೆ ಬಿಟ್ಟು ದೇವರಾಯಸಮುದ್ರದಲ್ಲಿದ್ದ ತಂಗಿಯ ಮನೆಗೆ ಹೋದಳೆಂದು ಗೊತ್ತಾಯಿತು. ಮಗಳನ್ನು ಅಜ್ಜಿ ಕಳಿಸಲಿಲ್ಲ.

ಆಗ ಹೋದೆ ನಾನು, ಅಜ್ಜಿಯ ಮನೆಗೆ. ಆಣೆ ಮಾಡಿ ಎರಡು ತಿಂಗಳಾದ ಮೇಲೆ. ಕಾಯಿ, ಬಾಳೆಹಣ್ಣು ತೆಗೆದುಕೊಂಡು ಹೋಗಬೇಕೋ ಬೇಡವೋ ಗೊತ್ತಾಗದೆ ಬರಿಗೈಯಲ್ಲಿ ಹೋದೆ. ಅಜ್ಜಿ ಜಗಲಿಯ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು.

“ಅಜ್ಜಿ, ನಾನು ಫ್ಯಾಕ್ಟರಿಯವನು. ಬಳೆ ತೆಗೆಯೋಕೆ ಹೇಳಿದ್ದು ನಾನು. ಅಕ್ಕಂದೇನೂ ತಪ್ಪಿಲ್ಲ.”

“ಕೂತ್ಕೋ,” ಎಂದಳು. ಕೂತೆ.

“ನಿಮ್ಮಮ್ಮ ಅವ್ಳಾ?”

“ಇದ್ದಾರೆ.”

“ಅಪ್ಪ?”

“ಇದ್ದಾರೆ.”

“ನಿಮ್ಮಮ್ಮಂಗೆ ಹೇಳ್ದ್ಯಾ, ಬಳೆ ತೆಗಿ ಅಂತ?”

“ಇಲ್ಲ ಅಜ್ಜಿ. ಇದು ಹೊರದೇಶದವರು ಹೇಳಿದ್ದು. ಅವರ ರೂಲು.”

“ಅವ್ರೇ ಅಂದ್ರಾ, ನನ್ ಸೊಸೆ ಕೈ ಬೋಳಿರ್ಬೇಕು ಅಂತ?”

ಹೌದು ಎನ್ನಲು ಹೊರಟೆ. ಪಟ್ಟಿಯ ಆ ಸಾಲು ನೆನಪಾಯಿತು. ಗಾಜು ಎಂದಿತ್ತು, ಬೋಳು ಕೈ ಎಂದು ಎಲ್ಲೂ ಇರಲಿಲ್ಲ.

ಅಜ್ಜಿ ಒಂದು ಕಾಯಿ ಬಿಡಿಸಿ, ಬೀಜವನ್ನು ಮೊರಕ್ಕೆ ಹಾಕಿದಳು. “ಕೊಂಬೆ ಮುರೀತು, ನನ್ ಮಗ ಬಿದ್ದ. ಅದು ನನಗೂ ಗೊತ್ತು. ಬಳೆಯಿಂದ ಸತ್ತ ಅಂತ ನಾನೆಲ್ಲಿ ಅಂದೆ? ಊರು ಅಂತದೆ. ಫೋಟೋ ನೋಡೈತಲ್ಲ ಊರು. ನೀರಿಗ್ ಹೋದ್ರೆ ಅಂತಾರೆ, ಅಂಗ್ಡಿಗ್ ಹೋದ್ರೆ ಅಂತಾರೆ. ನಾನು ಈ ಊರಾಗೇ ಸಾಯ್ಬೇಕು. ಮೊಮ್ಮಗ್ಳನ್ನ ಈ ಊರಾಗೇ ದೊಡ್ಡೋಳ್ನ ಮಾಡ್ಬೇಕು.”

“ನಾನು ಊರವರಿಗೆ ಹೇಳ್ತೀನಿ ಅಜ್ಜಿ. ಬೇಕಾದ್ರೆ ಎಲ್ಲರನ್ನೂ ಕೂರಿಸಿ...”

“ಅವನು ಬದುಕಿದ್ದಾಗ ಬಂದಿದ್ರೆ ಕೇಳ್ತಿದ್ದೆ ಕಣಪ್ಪ,” ಎಂದಳು. “ಬಯ್ತಿದ್ದೆ, ಆದ್ರೂ ಕೇಳ್ತಿದ್ದೆ. ಈಗ ನೀನು ಹೇಳಿದ್ರೂ ನನಗೆ ಕಾಣೋದು ಆ ಫೋಟೋನೇ.”

ಎದ್ದು ಬಂದೆ. ಒಳಗೆ ಬಾಗಿಲ ಹಿಂದೆ ಹುಡುಗಿಯೊಬ್ಬಳು ನಿಂತಿದ್ದುದು ಕಾಣಿಸಿತು. ಅಕ್ಕನ ಮಗಳೇ ಇರಬೇಕು. ಅವಳ ಕೈ ತುಂಬ ಬಳೆಗಳಿದ್ದವು.

ಆಮೇಲೆ ನಮ್ಮ ಮನೆಯಲ್ಲಿ ನನ್ನ ತಂಗಿಯ ಮದುವೆ ನಿಶ್ಚಯವಾಯಿತು. ಬಳೆ ತೊಡಿಸಲು ನಮ್ಮ ಬೀದಿಗೆ ಯಾವಾಗಲೂ ಬರುವ ಮುದುಕಿ ಬಂದಳು. ಅವರ ಮನೆಯಲ್ಲಿ ದಖನಿ ಉರ್ದು ಮಾತಾಡುತ್ತಾರೆ, ನಾವೆಲ್ಲ ಅವಳನ್ನು ಖಾಲಾ ಎನ್ನುತ್ತೇವೆ. ನಾನು ಹುಟ್ಟುವ ಮೊದಲಿನಿಂದಲೂ ಅಮ್ಮನಿಗೆ ಬಳೆ ತೊಡಿಸುವವಳು ಅವಳೇ. ನಡುಮನೆಯಲ್ಲಿ ಚಾಪೆ ಹಾಕಿ ಕೂತಿದ್ದರು. ನಾನು ಅಲ್ಲೇ ಫೋನು ನೋಡುತ್ತಾ ಕೂತಿದ್ದೆ.

“ಹಾತ್ ಢೀಲಾ ಛೋಡೋ ಅಮ್ಮಾ, ಕೈ ಸಡ್ಲ ಬಿಡಿ. ಹೆದ್ರಿದ್ರೆ ಬಳೆ ಏರಲ್ಲ,” ಎಂದು ಖಾಲಾ ಅಮ್ಮನ ಕೈ ಹಿಡಿದು ಹಳೆಯ ಬಳೆಗಳನ್ನು ಬಿಡಿಸುತ್ತಿದ್ದಳು. ಒಂದು, ಎರಡು, ಮೂರು, ನಾಲ್ಕು, ಐದು. ಐದಕ್ಕೆ ನಿಲ್ಲಿಸಿದಳು. ಒಂದು ಹಳೆಯ ಬಳೆಯನ್ನು ಕೈಯಲ್ಲೇ ಬಿಟ್ಟು, ಅದರ ಮುಂದೆ ಹೊಸದನ್ನು ಏರಿಸಿದಳು. ಹೊಸದೆಲ್ಲ ಏರಿದ ಮೇಲೆ, ಆ ಹಳೆಯ ಒಂದನ್ನು ಚಿಕ್ಕ ಇಕ್ಕಳದಲ್ಲಿ ಟಕ್ ಎಂದು ಮುರಿದು ತೆಗೆದಳು.

“ಅದನ್ನು ಯಾಕೆ ಕೊನೆಗೆ ತೆಗೀತೀರಾ ಖಾಲಾ?” ಎಂದೆ.

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. “ಸುಹಾಗಿನ್ ಕೈ, ಮುತ್ತೈದೆ ಕೈ, ಖಾಲಿ ಮಾಡ್ತಾರಾ ಬೇಟಾ? ಒಂದು ನಿಮಿಷನೂ ಮಾಡಲ್ಲ. ಚಿಕ್ಕೋನಿದ್ದಾಗ ಇಲ್ಲೇ ಕೂತ್ಕೊಂಡು ನೋಡ್ತಿದ್ದೆ ನೀನು.”

ನೋಡಿದ್ದೆ. ಪ್ರತಿ ವರ್ಷ ನೋಡಿದ್ದೆ. ಬೇರೆ ಧರ್ಮದ ಈ ಮುದುಕಿಗೆ ಅಮ್ಮನ ಕೈಯ ವಿಷಯ ಗೊತ್ತಿತ್ತು. ಅವಳು ಯಾವ ವಿಡಿಯೋವನ್ನೂ ನೋಡಿರಲಿಲ್ಲ. ನಾನು ಎದ್ದು ಹೊರಗೆ ಹೋದೆ. ನನ್ನ ನೋಟ್‌ಬುಕ್ಕಿನಲ್ಲಿ ಹದಿನಾಲ್ಕು ದೇಶಗಳ ಪುಟಗಳಿದ್ದವು.

ಮುಂದಿನ ಸೀಸನ್ನಿಗೆ ಹಾಲೆಂಡಿನ ಆ ಮೇಡಂ ಮತ್ತೆ ಬಂದರು. ಈ ಸಲ ನಾನೇ ಅವರನ್ನು ಹಲಗೆಯ ಮುಂದೆ ಕರೆದುಕೊಂಡು ಹೋಗಿ ಕೇಳಿದೆ. ಕೈಯಲ್ಲಿ ಒಂದು ದಾರ ಇದ್ದರೆ, ಗ್ಲೌಸಿನ ಒಳಗೆ, ನಡೆಯುತ್ತದೆಯೇ ಎಂದು.

ಅವರಿಗೆ ಆಶ್ಚರ್ಯವಾಯಿತು. ಪಟ್ಟಿಯಲ್ಲಿ ಬರೆದಿದ್ದು ಗಾಜಿನ ಬಗ್ಗೆ ಎಂದರು. ಬಿಗಿಯಾಗಿ ಕಟ್ಟಿದ ಬಟ್ಟೆಯ ಪಟ್ಟಿ, ದಿನಾ ಹೊಸದು, ಮೇಲೆ ಉದ್ದ ತೋಳಿನ ಗ್ಲೌಸು; ಬೇರೆ ದೇಶದ ಎಷ್ಟೋ ಕಡೆ ಹಾಗೆ ಮಾಡಿಕೊಂಡಿದ್ದಾರೆ, ಕೇಳಿದವರಿಗೆಲ್ಲ ಒಪ್ಪಿಗೆ ಕೊಟ್ಟಿದ್ದೇನೆ ಎಂದರು. ಆಮೇಲೆ ಹೇಳಿದರು: ಹೋದ ವರ್ಷ ನಾನು ನಿಮ್ಮನ್ನು ಕೇಳಿದೆ. ಎಲ್ಲರೂ ಸಂತೋಷವಾಗಿದ್ದಾರೆ ಎಂದಿರಿ.

ಮುಖಕ್ಕೆ ಹೊಡೆದಂತೆಯೇ ಹೇಳಿದರು. ಬೇಜಾರು ಮಾಡಿಕೊಳ್ಳುವ ಹಕ್ಕು ನನಗಿರಲಿಲ್ಲ.

ಗೋಡೆಯ ಮೇಲಿನ ಚೀಟಿ ಕಿತ್ತು ಹೊಸದು ಅಂಟಿಸಿದೆ. ಹಲಗೆಯನ್ನು ಇಳಿಸಿ ಸ್ಟೋರಿನಲ್ಲಿ ಗೋಡೆಗೆ ಮುಖ ಮಾಡಿ ಇಟ್ಟೆ. ಈಗ ಹೆಂಗಸರು ಬೆಳಿಗ್ಗೆ ಬಂದು ಬಳೆ ಬಿಚ್ಚಿ ಬ್ಯಾಗಿಗೆ ಹಾಕುವ ಮೊದಲೇ ಒಬ್ಬರಿಗೊಬ್ಬರು ಅರಿಶಿನ ಹಚ್ಚಿದ ಬಟ್ಟೆಯ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಅದಕ್ಕೆ ಹತ್ತು ನಿಮಿಷ ಬೇಕು. ಹರಟೆ ಹೊಡೆಯುತ್ತಾ, ಬಿಗಿಯಾಯ್ತು ಸಡಿಲವಾಯ್ತು ಎನ್ನುತ್ತಾ ಕಟ್ಟಿಕೊಳ್ಳುತ್ತಾರೆ.

ಅಕ್ಕ ಆ ಸೀಸನ್ನಿಗೆ ವಾಪಸ್ ಬಂದಳು. ಶ್ರೀನಿವಾಸಪುರದಲ್ಲಿ ಒಂದು ರೂಮು ಮಾಡಿಕೊಂಡಿದ್ದಾಳೆ. ಭಾನುವಾರ ಊರಿನ ಶಾಲೆಯ ಹತ್ತಿರ ಹೋಗಿ ಮಗಳನ್ನು ನೋಡಿ ಬರುತ್ತಾಳೆ, ಮನೆಗೆ ಹೋಗುವುದಿಲ್ಲ. ಅದೇ ಏಳನೇ ನಂಬರು. ಮೊದಲ ದಿನ ಹೊಸ ಚೀಟಿಯ ಮುಂದೆ ನಿಂತು ಪೂರ್ತಿ ಓದಿದಳು. ನಾನು ಹತ್ತಿರ ಹೋದೆ.

“ಅಕ್ಕ, ನನಗೆ ಅವತ್ತು ಗೊತ್ತಾಗಲಿಲ್ಲ. ಅವರನ್ನ ಒಂದು ಮಾತು ಕೇಳಿದ್ರೆ ಸಾಕಿತ್ತು.”

“ನಾನ್ ಕೇಳಿದ್ನಲ್ಲ ಸಾರ್,” ಎಂದಳು. “ಒಂದೇ ಒಂದು ಬಿಡಿ ಅಂತ.”

ಅಷ್ಟು ಹೇಳಿ ಟೋಪಿ ಹಾಕಿಕೊಂಡಳು. ಬೇರೆಯವರು ಇನ್ನೂ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಅವಳಿಗೆ ಬಿಚ್ಚುವುದೂ ಇಲ್ಲ, ಕಟ್ಟುವುದೂ ಇಲ್ಲ. ಕೈ ತೊಳೆದು, ಗ್ಲೌಸು ಹಾಕಿಕೊಂಡು, ಬೆಲ್ಟಿನ ಹತ್ತಿರ ಹೋಗಿ ತನ್ನ ಜಾಗದಲ್ಲಿ ಒಬ್ಬಳೇ ನಿಂತಳು. ಈಗ ದಿನಾ ಎಲ್ಲರಿಗಿಂತ ಮೊದಲು ಅಲ್ಲಿರುವುದು ಅವಳೇ. ಹಾಜರಿ ಹಾಕುವಾಗ ನಾನು ಏಳರಿಂದ ಶುರು ಮಾಡುತ್ತೇನೆ.